ಎಳ್ಳುಕಾಳಿನಷ್ಟು ಅಂತರ: ಜಯಂತ ನಾರ್ಳೀಕರರ ಕಥೆಗಾರಿಕೆ

ವರ್ಗಾವಣೆಯ ಆದೇಶ ಹಿಡಿದು ಊರೂರು ತಿರುಗುವ ಕೇಂದ್ರ ಸರ್ಕಾರಿ ನೌಕರರ ಮನೆಗಳಲ್ಲಿ ಒಂದೊಂದು ಭಾಷೆಗೂ ಒಂದೊಂದು ಠಾವು ಗೊತ್ತಾಗಿರುತ್ತದೆ. ಅಡುಗೆಮನೆಗೆ ಕನ್ನಡ, ಕಚೇರಿಗೆ ಹಿಂದಿ, ಶಾಲೆಗೆ ಇಂಗ್ಲಿಷ್, ತರಕಾರಿ ಕೊಳ್ಳುವಲ್ಲಿಗೆ ಆಯಾ ಊರಿನ ಮಾತು. ನಾವು ಪುಣೆಗೆ ಬಂದ ಕೆಲವು ವರ್ಷಗಳ ಮೇಲೆ, ಹನ್ನೊಂದನೆಯ ತರಗತಿಯಲ್ಲಿದ್ದ ಮಗಳು ಒಂದು ಸಂಜೆ ತನ್ನ ಇಂಗ್ಲಿಷ್ ಪಠ್ಯಪುಸ್ತಕವನ್ನು ನಮ್ಮ ಮುಂದೆ ತೆರೆದಿಟ್ಟು, "ಪಾನಿಪತದಲ್ಲಿ ಮರಾಠರು ಸೋತರು ಅಂತ ನೀವೇ ಹೇಳಿಕೊಟ್ಟಿದ್ದಿರಲ್ಲ? ಇಲ್ಲಿ ಗೆದ್ದುಬಿಟ್ಟಿದ್ದಾರೆ" ಎಂದಳು.

ಆ ಪುಸ್ತಕ ಎನ್‌ಸಿಇಆರ್‌ಟಿಯ 'ಹಾರ್ನ್‌ಬಿಲ್'. ಪಾಠದ ಹೆಸರು 'ದಿ ಅಡ್ವೆಂಚರ್'. ಬರೆದವರು ಜಯಂತ ನಾರ್ಳೀಕರ. ಇಂಗ್ಲಿಷ್ ಸಾಹಿತ್ಯವನ್ನೇ ಎರಡು ವರ್ಷ ಓದಿ ಪದವಿ ಪಡೆದಿದ್ದ ನಾವು ಇದನ್ನು ಸಹಜವಾಗಿಯೇ ಇಂಗ್ಲಿಷ್ ಕಥೆಯೆಂದು ತಿಳಿದು ವಿವರಿಸತೊಡಗಿದೆವು. ಮಾರನೆಯ ದಿನ ಪಕ್ಕದ ಮನೆಯ ಕಾಕೂ ಆ ಪುಟಗಳನ್ನು ಕಂಡು ನಕ್ಕರು. "ಇದು ನಮ್ಮ 'ಗಂಗಾಧರಪಂತಾಂಚೆ ಪಾನಿಪತ್' ಅಲ್ಲವೆ? ಇದನ್ನು ಇಂಗ್ಲಿಷಿನಲ್ಲಿ ಓದಿದರೆ ಹೆಸರಿನ ಸ್ವಾರಸ್ಯವೇ ಹೋಯಿತಲ್ಲ!" ಮರಾಠಿಯಲ್ಲಿ 'ಪಾನಿಪತ್ ಆಯಿತು' ಎಂದರೆ ಸರ್ವನಾಶವಾಯಿತು ಎಂದೇ ಅರ್ಥ. ಯುದ್ಧ ಮುಗಿದು ಎರಡೂವರೆ ಶತಮಾನ ಕಳೆದರೂ ಒಂದು ಸೋಲು ಒಂದು ಭಾಷೆಯ ದಿನಬಳಕೆಯ ನುಡಿಗಟ್ಟಾಗಿ ಉಳಿದಿದೆ. ಅದೇ ಪದವನ್ನು ಗೆಲುವಿನ ಕಥೆಯೊಂದಕ್ಕೆ ಶೀರ್ಷಿಕೆಯಾಗಿ ಇಟ್ಟವನ ಕುಚೋದ್ಯ ಇಂಗ್ಲಿಷ್ ಪಾಠದಲ್ಲಿ ಮಾಯವಾಗಿತ್ತು.

2025ರ ಮೇ 20ರಂದು ನಾರ್ಳೀಕರರು ಪುಣೆಯಲ್ಲಿ, 86ನೆಯ ವಯಸ್ಸಿನಲ್ಲಿ ತೀರಿಕೊಂಡರು. ಪತ್ರಿಕೆಗಳು ಅವರನ್ನು ಖಗೋಳ ವಿಜ್ಞಾನಿಯೆಂದು ಸ್ಮರಿಸಿದವು. ಅದು ಸರಿಯೇ. ಆದರೆ ನಮಗೆ ಆ ದಿನ ಬೇರೊಂದು ಸಂಗತಿ ಚುಚ್ಚಿತು. ಅವರಿದ್ದ ಊರಿನಲ್ಲಿಯೇ ಇದ್ದು, ಅವರು ಬರೆದ ಭಾಷೆಯನ್ನು ದಿನವೂ ಕೇಳುತ್ತಿದ್ದು, ಅವರ ಕಥೆಯನ್ನು ಮಾತ್ರ ದೆಹಲಿಯಲ್ಲಿ ಅಚ್ಚಾದ ಇಂಗ್ಲಿಷ್ ಪಠ್ಯದಿಂದ ತಿಳಿದುಕೊಂಡಿದ್ದೆವು. ಕಾಕೂ ಕೊಟ್ಟ ಮರಾಠಿ ಪುಸ್ತಕಗಳನ್ನು ಹಿಂದಿಯಿಂದ ಬಂದ ಅಕ್ಷರಜ್ಞಾನದ ಬಲದಿಂದ, ತಡವರಿಸುತ್ತ ಓದತೊಡಗಿದ್ದು ಅಲ್ಲಿಂದ ಮುಂದೆ. ಓದುತ್ತ ಹೋದಂತೆ ಈ ಬರಹಗಾರನ ಬದುಕಿನಲ್ಲಿ ಹೊರನಾಡಿನಲ್ಲಿ ಬಾಳುವ ನಮ್ಮಂಥವರಿಗೆ ಹತ್ತಿರವಾದದ್ದೇನೋ ಇದೆ ಎನ್ನಿಸಿತು. ಈ ಲೇಖನ ಅದನ್ನು ಕುರಿತದ್ದು.

ನಾರ್ಳೀಕರರು ಹುಟ್ಟಿದ್ದು 1938ರ ಜುಲೈ 19ರಂದು, ಕೊಲ್ಹಾಪುರದಲ್ಲಿ. ಬೆಳೆದದ್ದು ಬನಾರಸಿನಲ್ಲಿ. ತಂದೆ ವಿಷ್ಣು ವಾಸುದೇವ ನಾರ್ಳೀಕರರು ಬನಾರಸ ಹಿಂದೂ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕರು. ತಾಯಿ ಸುಮತಿಯವರು ಸಂಸ್ಕೃತ ವಿದುಷಿ. ಹುಡುಗನ ಸುತ್ತ ಇದ್ದದ್ದು ಗಂಗಾತೀರದ ಹಿಂದಿ, ಮನೆಯೊಳಗೆ ಮರಾಠಿ. 1957ರಲ್ಲಿ ಕೇಂಬ್ರಿಜ್‌ಗೆ ಹೋದರು. 1959ರಲ್ಲಿ ಗಣಿತದ ಟ್ರೈಪೋಸ್ ಪರೀಕ್ಷೆಯಲ್ಲಿ ಮೊದಲಿಗರಾಗಿ ಸೀನಿಯರ್ ರ‍್ಯಾಂಗ್ಲರ್ ಎನಿಸಿಕೊಂಡರು. ಫ್ರೆಡ್ ಹೊಯ್ಲ್ ಅವರ ಮಾರ್ಗದರ್ಶನದಲ್ಲಿ 1963ರಲ್ಲಿ ಡಾಕ್ಟರೇಟ್ ಪಡೆದರು. ಮರುವರ್ಷ ಗುರುಶಿಷ್ಯರಿಬ್ಬರೂ ಸೇರಿ ಮಂಡಿಸಿದ ಗುರುತ್ವಾಕರ್ಷಣೆಯ ಸಿದ್ಧಾಂತ ಇಬ್ಬರ ಹೆಸರನ್ನೂ ಹೊತ್ತು ಜಗತ್ತಿನಲ್ಲಿ ಸುದ್ದಿಯಾಯಿತು. 1965ರಲ್ಲಿ, ಇನ್ನೂ 26 ವರ್ಷದವರಿರುವಾಗ ಪದ್ಮಭೂಷಣ ಬಂತು. 1972ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಬಂದರು. 1988ರಲ್ಲಿ ಪುಣೆಯಲ್ಲಿ 'ಆಯುಕಾ' ಎಂದು ನಾವೆಲ್ಲ ಕರೆಯುವ ಖಗೋಳವಿಜ್ಞಾನ ಕೇಂದ್ರವನ್ನು ಕಟ್ಟಿ, 2003ರವರೆಗೆ ಅದರ ನಿರ್ದೇಶಕರಾಗಿದ್ದರು. ತಮ್ಮ ಆತ್ಮಕಥೆಗೆ ಅವರಿಟ್ಟ ಹೆಸರು 'ಚಾರ್ ನಗರಾಂತಲೆ ಮಾಝೆ ವಿಶ್ವ', ಅಂದರೆ 'ನಾಲ್ಕು ನಗರಗಳಲ್ಲಿನ ನನ್ನ ವಿಶ್ವ'. ಬನಾರಸ, ಕೇಂಬ್ರಿಜ್, ಮುಂಬಯಿ, ಪುಣೆ. ಈ ನಾಲ್ಕರಲ್ಲಿ ಮೊದಲಿನ ಎರಡು ಮರಾಠಿಯ ಸೀಮೆಯಿಂದ ಬಹುದೂರ.

ಎಂದರೆ, ಬಾಲ್ಯ ಮತ್ತು ಯೌವನದ ಮೂರು ದಶಕಗಳಿಗೂ ಹೆಚ್ಚು ಕಾಲ ನಾರ್ಳೀಕರರು ಹೊರನಾಡ ಮರಾಠಿಗರು. ವಿಜ್ಞಾನವನ್ನು ಅವರು ಬರೆದದ್ದು ಇಂಗ್ಲಿಷಿನಲ್ಲಿ, ಜಗತ್ತಿನ ಓದುಗರಿಗಾಗಿ. ಕಥೆ ಬರೆಯಬೇಕೆನಿಸಿದಾಗ ಮಾತ್ರ ಮನೆಯ ಮಾತನ್ನು ಎತ್ತಿಕೊಂಡರು. ಗುರು ಹೊಯ್ಲ್ ಈ ದಾರಿಯಲ್ಲಿ ಆಗಲೇ ನಡೆದಿದ್ದರು. ಸೂರ್ಯನ ಬಳಿಗೆ ಬಂದ ಬುದ್ಧಿಯುಳ್ಳ ಮೇಘವೊಂದರ ಕಥೆ ಹೇಳುವ ಅವರ ಕಾದಂಬರಿ 'ದಿ ಬ್ಲ್ಯಾಕ್ ಕ್ಲೌಡ್' 1957ರಲ್ಲಿ, ಶಿಷ್ಯ ಕೇಂಬ್ರಿಜ್‌ಗೆ ಬಂದ ವರ್ಷವೇ, ಹೊರಬಂದಿತ್ತು. ವಿಜ್ಞಾನಿಯೊಬ್ಬ ಕಾದಂಬರಿ ಬರೆದರೆ ಅದು ಅವನ ಘನತೆಗೆ ಕುಂದಲ್ಲ ಎಂಬ ಧೈರ್ಯ ಅಲ್ಲಿಂದ ಬಂದಿರಬೇಕು. ಆದರೆ ಹೊಯ್ಲ್ ಇಂಗ್ಲಿಷಿನಲ್ಲಿ ಬರೆಯುವಾಗ ವೆಲ್ಸ್‌ನ ಕಾಲದಿಂದ ಸಿದ್ಧವಾಗಿದ್ದ ಓದುಗವರ್ಗ ಅವರ ಬೆನ್ನಿಗಿತ್ತು. ಮರಾಠಿಯಲ್ಲಿ ಆ ನೆಲ ಅಷ್ಟು ಹದವಾಗಿರಲಿಲ್ಲ.

1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತು ವಿಜ್ಞಾನ ಕಥೆಗಳ ಸ್ಪರ್ಧೆಯೊಂದನ್ನು ನಡೆಸಿತು. ಅದಕ್ಕೆ 'ಕೃಷ್ಣವಿವರ' ಎಂಬ ಕಥೆಯೊಂದು ಬಂತು. ಬರೆದವರು ನಾರಾಯಣ ವಿನಾಯಕ ಜಗತಾಪ. ಕಥೆಗೆ ಬಹುಮಾನ ಬಂದ ಮೇಲೆ ಗುಟ್ಟು ಬಯಲಾಯಿತು. ಜಗತಾಪ ಎಂಬವರು ಯಾರೂ ಇರಲಿಲ್ಲ. ಜಯಂತ ವಿಷ್ಣು ನಾರ್ಳೀಕರ ಎಂಬ ಹೆಸರಿನ ಮೊದಲಕ್ಷರಗಳನ್ನು ಹಿಂದುಮುಂದಾಗಿಸಿ ಆ ಹೆಸರನ್ನು ಹೊಸೆಯಲಾಗಿತ್ತು. ಕೈಬರಹದ ಗುರುತು ಸಿಗಬಾರದೆಂದು ಪತ್ನಿ ಮಂಗಲಾ ಅವರಿಂದ ಕಥೆಯನ್ನು ನಕಲು ಮಾಡಿಸಿ ಕಳಿಸಿದ್ದರು.

ಈ ಪ್ರಸಂಗವನ್ನು ಸ್ವಾರಸ್ಯದ ದಂತಕಥೆಯಂತೆ ಹೇಳಿ ಮುಗಿಸುವುದು ವಾಡಿಕೆ. ನಮಗೆ ಇದು ಅವರ ಇಡೀ ಬರವಣಿಗೆಯ ಕೀಲಿಯಾಗಿ ಕಾಣುತ್ತದೆ. ಹತ್ತು ವರ್ಷ ಹಿಂದೆಯೇ ಮನೆಮಾತಾಗಿದ್ದ ಹೆಸರು ಅದು. ಆ ಹೆಸರಿನಲ್ಲಿ ಕಥೆ ಕಳಿಸಿದ್ದರೆ ಯಾವ ಸಂಪಾದಕರೂ ಬೇಡವೆನ್ನುತ್ತಿರಲಿಲ್ಲ. ಆದರೆ ಆಗ ಅವರಿಗೆ ತಿಳಿಯಬೇಕಾದದ್ದು ತಿಳಿಯುತ್ತಿರಲಿಲ್ಲ. ಹೊರಗೆ ಬೆಳೆದವನ ಮರಾಠಿ ಕಥೆ ಹೇಳುವಷ್ಟು ಜೀವಂತವಾಗಿದೆಯೆ? ಕಥೆ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆಯೆ? ಪ್ರಯೋಗದ ಫಲಿತಾಂಶವನ್ನು ಕೆಡಿಸಬಹುದಾದ ಒಂದೇ ಒಂದು ಸಂಗತಿಯನ್ನು, ತನ್ನ ಹೆಸರನ್ನು, ಅವರು ತೆಗೆದುಹಾಕಿದರು. ಇದು ವಿಜ್ಞಾನಿಯ ಪದ್ಧತಿ. ಜೊತೆಗೆ ಬರಹಗಾರನ ವಿನಯವೂ ಹೌದು.

1975ರಲ್ಲಿ ಕರಾಡದಲ್ಲಿ ನಡೆದ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು ದುರ್ಗಾ ಭಾಗವತರು. ತುರ್ತುಪರಿಸ್ಥಿತಿಯ ವಿರುದ್ಧ ದನಿಯೆತ್ತಿದವರೆಂದು ಅವರನ್ನು ನಾವು ಬಲ್ಲೆವು. ತಮ್ಮ ಭಾಷಣದಲ್ಲಿ ಅವರು ನಾರ್ಳೀಕರರ ವಿಜ್ಞಾನ ಕಥೆಗಳನ್ನೂ ಮೆಚ್ಚಿ ಪ್ರಸ್ತಾಪಿಸಿದರು. ಜಾನಪದವನ್ನೂ ಸಂಸ್ಕೃತಿಯನ್ನೂ ಆಳವಾಗಿ ಬಲ್ಲ ಹಿರಿಯರೊಬ್ಬರು ಬೆನ್ನು ತಟ್ಟಿದ್ದರಿಂದ, ವಿಜ್ಞಾನ ಕಥೆ ಮಕ್ಕಳ ಮನರಂಜನೆಯೆಂಬ ಮಾತಿಗೆ ಪೆಟ್ಟು ಬಿತ್ತು. 1979ರಲ್ಲಿ 'ಯಕ್ಷಾಂಚಿ ದೇಣಗಿ' ಸಂಕಲನ ಬಂತು. ಮುಂದೆ 'ಪ್ರೇಷಿತ', 'ವಾಮನ ಪರತ ನ ಆಲಾ', 'ವ್ಹಾಯರಸ್', 'ಅಭಯಾರಣ್ಯ' ಮೊದಲಾದ ಕಾದಂಬರಿಗಳು ಬಂದವು.

ಈ ಕಥೆಗಾರಿಕೆಯ ಗುಟ್ಟೇನು? ಗಂಗಾಧರಪಂತರ ಕಥೆಯನ್ನೇ ಹಿಡಿದು ನೋಡಬಹುದು. ಇತಿಹಾಸದ ಪ್ರಾಧ್ಯಾಪಕ ಗಂಗಾಧರಪಂತ ಗಾಯತೋಂಡೆ ಪುಣೆಯಿಂದ ಮುಂಬಯಿಗೆ ಹೊರಟಿದ್ದಾರೆ. ನಮ್ಮಲ್ಲಿ ಎಷ್ಟೋ ಜನ ವಾರವಾರವೂ ಓಡಾಡುವ ದಾರಿ. ಆದರೆ ರೈಲಿನ ಹೆಸರು ಜಿಜಾಮಾತಾ ಎಕ್ಸ್‌ಪ್ರೆಸ್. ಪುಣೆಯ ಹೊರವಲಯದಲ್ಲಿ ಕಾರ್ಖಾನೆಗಳ ಊರುಗಳಿಲ್ಲ. ಲೋಣಾವಳ ಬರುತ್ತದೆ, ಘಟ್ಟ ಮಾತ್ರ ಇದ್ದಂತೆಯೇ ಇದೆ. ಕಲ್ಯಾಣದಲ್ಲಿ ಗಾಡಿ ನಿಲ್ಲುವುದಿಲ್ಲ. ಮುಂದೆ 'ಸರಹದ್' ಎಂಬ ಪುಟ್ಟ ನಿಲ್ದಾಣದಲ್ಲಿ ನಿಂತು, ಸಮವಸ್ತ್ರದವನೊಬ್ಬ ಪರವಾನಗಿ ಪತ್ರಗಳನ್ನು ಪರೀಕ್ಷಿಸುತ್ತಾನೆ. ಅಲ್ಲಿಂದಾಚೆ ಬ್ರಿಟಿಷರ ಸೀಮೆ. ಬೋರಿಬಂದರಿನಲ್ಲಿ ಇಳಿದರೆ ಎದುರಿಗೆ ಈಸ್ಟ್ ಇಂಡಿಯಾ ಕಂಪನಿಯ ಮುಖ್ಯ ಕಚೇರಿ ಇನ್ನೂ ನಡೆಯುತ್ತಿದೆ. ಮಗನನ್ನು ಹುಡುಕಿಕೊಂಡು ಅವನ ಕಚೇರಿಗೆ ಹೋದರೆ ಅಂಥ ಹೆಸರಿನವರು ಅಲ್ಲಿ ಯಾರೂ ಇಲ್ಲ.

ಇಲ್ಲಿ ಗಮನಿಸಬೇಕಾದದ್ದು ವಿವರಗಳ ಮಿತವ್ಯಯ. ಲೇಖಕರು ಜಗತ್ತನ್ನೇ ಬುಡಮೇಲು ಮಾಡಿಲ್ಲ. ಘಟ್ಟವನ್ನು ಇದ್ದಲ್ಲಿಯೇ ಬಿಟ್ಟು, ರೈಲಿನ ಹೆಸರನ್ನೂ ಒಂದು ನಿಲ್ದಾಣವನ್ನೂ ಬದಲಿಸಿದ್ದಾರೆ. ನಿಸರ್ಗ ಹಾಗೆಯೇ ಇದೆ, ಮನುಷ್ಯರು ಮಾಡಿದ್ದು ಮಾತ್ರ ಬೇರೆಯಾಗಿದೆ. ಓದುಗನಿಗೆ ಪರಿಚಿತವಾದ ದಾರಿಯಲ್ಲಿಯೇ ಕರೆದೊಯ್ದು, ಒಂದೊಂದೇ ಗುರುತು ತಪ್ಪುವಂತೆ ಮಾಡುವುದರಿಂದ ಹುಟ್ಟುವ ದಿಗಿಲು, ಅನ್ಯಗ್ರಹದ ರಾಕ್ಷಸರನ್ನು ಇಳಿಸಿದರೂ ಹುಟ್ಟಲಾರದು.

ಪ್ರಾಧ್ಯಾಪಕರು ಆಮೇಲೆ ಮಾಡುವ ಕೆಲಸ ಇತಿಹಾಸಕಾರನಿಗೆ ತಕ್ಕದ್ದು. ಗಾಬರಿಯಾಗಿ ಓಡಾಡದೆ, ಟೌನ್ ಹಾಲಿನ ಏಷಿಯಾಟಿಕ್ ಸೊಸೈಟಿಯ ಗ್ರಂಥಾಲಯಕ್ಕೆ ಹೋಗಿ ಇತಿಹಾಸದ ಸಂಪುಟಗಳನ್ನು ತರಿಸಿಕೊಳ್ಳುತ್ತಾರೆ. ಅಶೋಕನವರೆಗೆ ಮೊದಲ ಸಂಪುಟ, ಸಮುದ್ರಗುಪ್ತನವರೆಗೆ ಎರಡನೆಯದು, ಮಹಮ್ಮದ್ ಘೋರಿಯವರೆಗೆ ಮೂರನೆಯದು, ಔರಂಗಜೇಬನ ಮರಣದವರೆಗೆ ನಾಲ್ಕನೆಯದು. ಅಲ್ಲಿಯವರೆಗೆ ಎಲ್ಲವೂ ನಾವು ಬಲ್ಲ ಇತಿಹಾಸವೇ. ಐದನೆಯದರಲ್ಲಿ ಹಳಿ ತಪ್ಪಿದೆ. ಎಲ್ಲಿ? ಅವರು ಹುಡುಕುತ್ತ ಹುಡುಕುತ್ತ ಮೂರನೆಯ ಪಾನಿಪತ ಯುದ್ಧದ ವಿವರಕ್ಕೆ ಬಂದು ನಿಲ್ಲುತ್ತಾರೆ.

ನಡೆದದ್ದು ಇಷ್ಟು. 1761ರ ಜನವರಿ 14ರಂದು ಪಾನಿಪತದ ಬಯಲಿನಲ್ಲಿ ಮರಾಠರಿಗೂ ಅಹಮದ್ ಶಹಾ ಅಬ್ದಾಲಿಗೂ ಯುದ್ಧವಾಯಿತು. ಪೇಶ್ವೆ ನಾನಾಸಾಹೇಬರ ಮಗ, ಹದಿಹರೆಯವನ್ನು ಆಗಷ್ಟೇ ದಾಟುತ್ತಿದ್ದ ವಿಶ್ವಾಸರಾವ್ ಗುಂಡು ತಗುಲಿ ಸತ್ತ. ಅದನ್ನು ಕಂಡು ಸದಾಶಿವರಾವ್ ಭಾವೂ ಸ್ವತಃ ಕಾಳಗದ ನಡುವೆ ನುಗ್ಗಿದರು. ನಾಯಕನನ್ನು ಕಾಣದ ಸೈನ್ಯ ಎದೆಗುಂದಿತು. ಒಂದೇ ದಿನದಲ್ಲಿ ಒಂದು ತಲೆಮಾರು ಅಳಿಯಿತು. 'ವಿಶ್ವಾಸ ಪಾನಿಪತದಲ್ಲಿ ಹೋಯಿತು' ಎಂಬ ಮಾತು ಮರಾಠಿಯಲ್ಲಿ ಇಂದಿಗೂ ಇದೆ. ಹೆಸರಿಗೂ ನಂಬಿಕೆಗೂ ಒಂದೇ ಪದವಾದ್ದರಿಂದ ಕನ್ನಡದ ಕಿವಿಗೂ ಅದರ ನೋವು ನೇರವಾಗಿ ತಾಕುತ್ತದೆ.

ನಾರ್ಳೀಕರರ ಕಥೆಯಲ್ಲಿ ಆ ಗುಂಡು ವಿಶ್ವಾಸರಾವ್‌ನ ಕಿವಿಯ ಪಕ್ಕದಲ್ಲಿ ಹಾದು ಹೋಗುತ್ತದೆ. ಎಳ್ಳುಕಾಳಿನಷ್ಟು ಅಂತರ. ಅಷ್ಟೇ ಬದಲಾವಣೆ. ಅಲ್ಲಿಂದ ಮುಂದಿನ ಇಡೀ ಭಾರತ ಬೇರೆಯಾಗುತ್ತದೆ. ಕಂಪನಿ ತನ್ನ ವಿಸ್ತರಣೆಯನ್ನು ಮುಂದೂಡಿ ಮುಂಬಯಿ, ಕಲ್ಕತ್ತ, ಮದರಾಸುಗಳಿಗೆ ಸೀಮಿತವಾಗುತ್ತದೆ. ದೆಹಲಿಯ ಬಾದಶಹ ಹೆಸರಿಗೆ ಉಳಿಯುತ್ತಾನೆ. ಯುರೋಪಿನಲ್ಲಿ ಯಂತ್ರಯುಗ ಆರಂಭವಾದದ್ದನ್ನು ಗಮನಿಸಿದ ಪೇಶ್ವೆಗಳು ತಮ್ಮದೇ ವಿಜ್ಞಾನ ಕೇಂದ್ರಗಳನ್ನು ಕಟ್ಟುತ್ತಾರೆ. ಕಂಪನಿಯ ತಜ್ಞರನ್ನು ಕರೆಸಿಕೊಂಡರೂ ಅದು ತಾವು ಸ್ವಾವಲಂಬಿಗಳಾಗುವವರೆಗೆ ಮಾತ್ರ. ಇಪ್ಪತ್ತನೆಯ ಶತಮಾನದಲ್ಲಿ ಪ್ರಜಾಪ್ರಭುತ್ವವೂ ಬರುತ್ತದೆ.

ಇಲ್ಲಿ ಒಂದು ಮರಾಠಿ ಅಭಿಮಾನ ಇದೆಯೆಂದು ಯಾರಾದರೂ ಹೇಳಿದರೆ ನಾವು ಅಲ್ಲಗಳೆಯುವುದಿಲ್ಲ. ಯಾರ ಆಳೂ ಆಗದೆ ತನ್ನ ಕಾಲ ಮೇಲೆ ನಿಂತ ಭಾರತವನ್ನು ಕಂಡು ಗಂಗಾಧರಪಂತರು ಮೆಚ್ಚುತ್ತಾರೆ. ಆದರೆ ಆ ಗೆಲುವಿನ ಫಲವಾಗಿ ಲೇಖಕರು ಬಯಸಿದ್ದು ಕೋಟೆಗಳನ್ನೂ ಕಪ್ಪಕಾಣಿಕೆಯನ್ನೂ ಅಲ್ಲ, ಪ್ರಯೋಗಶಾಲೆಗಳನ್ನು. ಪುಣೆಯಲ್ಲಿ ವಿಜ್ಞಾನ ಕೇಂದ್ರವನ್ನು ಕಟ್ಟಿದ ಮನುಷ್ಯ ತನ್ನ ಕಥೆಯ ಪುಣೆಗೂ ಅದನ್ನೇ ಕೊಟ್ಟರು. ಆಯುಕಾದ ಅಂಗಳದಲ್ಲಿ ಆರ್ಯಭಟ, ಗೆಲಿಲಿಯೊ, ನ್ಯೂಟನ್, ಐನ್‌ಸ್ಟೈನ್ ನಾಲ್ವರ ಪ್ರತಿಮೆಗಳಿವೆ. ಸೇನಾಪತಿಗಳಿಲ್ಲ.

ಕಥೆಯ ಕೊನೆಗೆ ರಾಜೇಂದ್ರ ದೇಶಪಾಂಡೆ ಎಂಬ ಗೆಳೆಯ ಈ ಘಟನೆಗೆ ವೈಜ್ಞಾನಿಕ ವಿವರಣೆ ಕೊಡುತ್ತಾನೆ. ಒಂದು ಸನ್ನಿವೇಶದ ತುದಿಯಲ್ಲಿ ಅತಿ ಸಣ್ಣ ವ್ಯತ್ಯಾಸವೂ ಇಡೀ ಪರಿಣಾಮವನ್ನು ತಿರುಗಿಸಬಹುದೆಂಬ ಮಹಾವಿಪತ್ತಿನ ಗಣಿತ ಸಿದ್ಧಾಂತ ಒಂದು. ಎಲೆಕ್ಟ್ರಾನು ಮುಂದೆ ಎಲ್ಲಿರುತ್ತದೆಂದು ಖಚಿತವಾಗಿ ಹೇಳಲಾಗದೆಂಬ ಕ್ವಾಂಟಂ ಭೌತವಿಜ್ಞಾನದ ಅನಿಶ್ಚಿತತೆ ಇನ್ನೊಂದು. ಎರಡೂ ಆ ಕಾಲದ ವಿದ್ವಾಂಸರು ನಿಜವಾಗಿ ಚರ್ಚಿಸುತ್ತಿದ್ದ ವಿಚಾರಗಳೇ. ಕಥೆಯಲ್ಲಿ ಪವಾಡಕ್ಕೆ ಜಾಗವಿಲ್ಲ. ಸಾಕ್ಷಿಗೆ ಒಂದು ಹರಿದ ಪುಟವಿದೆ. ಗಂಗಾಧರಪಂತರು ಆ ಲೋಕದಲ್ಲಿ ಓದುತ್ತಿದ್ದ ಬಖರಿನ, ಎಂದರೆ ಮರಾಠಿಯ ಗದ್ಯ ಚರಿತ್ರೆಯ, ಒಂದು ಹಾಳೆ ಅವರ ಜೇಬಿನಲ್ಲಿ ಉಳಿದಿರುತ್ತದೆ. ಕನಸೋ ನಿಜವೋ ಎಂಬ ಪ್ರಶ್ನೆಯನ್ನು ಕಾಗದದ ಪುರಾವೆಯಿಂದ ತೀರ್ಮಾನಿಸುವುದು ಇತಿಹಾಸಕಾರನ ನಿಯಮ. ಕಥೆಗಾರ ಅದನ್ನು ಎಲ್ಲಿಯೂ ಮುರಿದಿಲ್ಲ.

ಹೀಗೆ ಬರೆಯಲು ಅವರ ವಿಜ್ಞಾನದ ಬದುಕೂ ಕಾರಣವಿರಬಹುದು. ವಿಶ್ವಕ್ಕೆ ಒಂದು ಆರಂಭದ ಕ್ಷಣವಿದೆಯೆಂಬ ಮಹಾಸ್ಫೋಟದ ಸಿದ್ಧಾಂತವನ್ನು ಬಹುಪಾಲು ಜಗತ್ತು ಒಪ್ಪಿಕೊಂಡಿತು. 1965ರ ಸುಮಾರಿಗೆ ವಿಶ್ವದ ಹಿನ್ನೆಲೆ ವಿಕಿರಣ ಪತ್ತೆಯಾದ ಮೇಲಂತೂ ಎದುರುವಾದಿಗಳು ವಿರಳರಾದರು. ನಾರ್ಳೀಕರರು ಕಡೆಯವರೆಗೂ ಆ ವಿರಳರಲ್ಲಿಯೇ ಉಳಿದರು. 1993ರಲ್ಲಿ ಹೊಯ್ಲ್ ಮತ್ತು ಬರ್ಬಿಜ್ ಅವರೊಡನೆ ಬೇರೊಂದು ಮಾದರಿಯನ್ನೂ ಮುಂದಿಟ್ಟರು. ಪುರಾವೆಗಳು ಅವರ ಕಡೆಗೆ ವಾಲಲಿಲ್ಲ. ಆದರೂ 'ಎಲ್ಲರೂ ಒಪ್ಪಿದ್ದು ಒಂದೇ ದಾರಿಯಲ್ಲ, ಇನ್ನೊಂದನ್ನೂ ಲೆಕ್ಕ ಹಾಕಿ ನೋಡೋಣ' ಎಂಬ ಅಭ್ಯಾಸವುಳ್ಳ ಮನಸ್ಸಿಗೆ, ನಡೆಯದ ಇತಿಹಾಸ ಒಂದು ಗಂಭೀರ ಪ್ರಶ್ನೆಯಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಅವರ 'ಧೂಮಕೇತು' ಕಥೆ ಇದಕ್ಕಿಂತ ಮನೆಯೊಳಗಿನದು. ದತ್ತ ಎಂಬ ಹವ್ಯಾಸಿ ಖಗೋಳವೀಕ್ಷಕ ದೂರದರ್ಶಕ ಕೊಂಡುಕೊಂಡು ರಾತ್ರಿಯೆಲ್ಲ ಅದರ ಜೊತೆಗೇ ಇರುತ್ತಾನೆ. ಪತ್ನಿ ಇಂದ್ರಾಣಿ ದೇವಿಗೆ ಅದು ಸವತಿ. ಅವನು ಕಂಡುಹಿಡಿದ ಧೂಮಕೇತುವಿಗೆ ಅವನದೇ ಹೆಸರು ಬರುತ್ತದೆ. ಆಮೇಲೆ ಅದು ಭೂಮಿಗೆ ಅಪ್ಪಳಿಸಲಿದೆಯೆಂದು ತಿಳಿಯುತ್ತದೆ. ಕೇಂಬ್ರಿಜ್‌ನಲ್ಲಿ ವಿಜ್ಞಾನಿಗಳು ಗುಟ್ಟಾಗಿ ಸೇರಿ, ಪರಮಾಣು ಸ್ಫೋಟಕಗಳನ್ನು ಹೊತ್ತ ನೌಕೆಯಿಂದ ಅದರ ದಾರಿ ತಪ್ಪಿಸುವ ಯೋಜನೆ ಹೂಡುತ್ತಾರೆ. ಅದಕ್ಕೆ ಟೆನಿಸನ್‌ನ ಪದ್ಯವನ್ನು ನೆನಪಿಸುವ 'ಲೈಟ್ ಬ್ರಿಗೇಡ್' ಎಂಬ ಹೆಸರು. ದತ್ತ ಮನೆಗೆ ಮರಳಿದರೆ ಅಲ್ಲಿ ಧೂಮಕೇತುವಿನ ಪೀಡೆ ಕಳೆಯಲೆಂದು ಯಜ್ಞದ ಏರ್ಪಾಟು ನಡೆದಿರುತ್ತದೆ. ಗಂಡಾಂತರ ಕಳೆದಾಗ ಅದರ ಕೀರ್ತಿ ಯಜ್ಞಕ್ಕೇ ಸಲ್ಲುತ್ತದೆ.

ಆ ಮನೆಯವರನ್ನು ಕಥೆಗಾರ ಗೇಲಿ ಮಾಡುವುದಿಲ್ಲ. ಮನೆಯವರ ಪ್ರೀತಿಯೂ ಭಯವೂ ಅಲ್ಲಿ ನಿಜ. ಲೋಕವನ್ನು ಉಳಿಸುವ ಕೆಲಸಕ್ಕಿಂತ ಹೆಂಡತಿಯ ಮನಸ್ಸನ್ನು ಬದಲಿಸುವುದು ಕಷ್ಟವೆಂಬ ದತ್ತನ ಅಸಹಾಯಕತೆಯೂ ನಿಜ. ಇದೇ ಹಟವನ್ನು ಲೇಖಕರು ಕಥೆಯ ಹೊರಗೂ ಬಿಡಲಿಲ್ಲ. ಜಾತಕ ನೋಡಿ ಮಗುವಿನ ಬುದ್ಧಿಮತ್ತೆಯನ್ನು ಹೇಳಬಹುದೆ ಎಂದು ಮಹಾರಾಷ್ಟ್ರದ ಜ್ಯೋತಿಷಿಗಳನ್ನು ಆಹ್ವಾನಿಸಿ ಒಂದು ಪರೀಕ್ಷೆ ನಡೆಸಿದರು. ಕೊನೆಗೆ ಉತ್ತರ ಕಳಿಸಿದ 27 ಮಂದಿಯ ಉತ್ತರಗಳಲ್ಲಿ ಸರಿಯಾದವು ಶೇಕಡ 46. ನಾಣ್ಯ ಚಿಮ್ಮಿದ್ದರೆ 50ರ ಆಸುಪಾಸು ಬರುತ್ತಿತ್ತು. ಹೈದರಾಬಾದಿನಿಂದ ಬಲೂನುಗಳನ್ನು ಹಾರಿಸಿ 41 ಕಿಲೋಮೀಟರ್ ಎತ್ತರದವರೆಗಿನ ಗಾಳಿಯಲ್ಲಿ ಸೂಕ್ಷ್ಮಜೀವಿಗಳನ್ನು ಹುಡುಕಿದ ಯೋಜನೆಯಲ್ಲಿಯೂ ಅವರಿದ್ದರು. ಹಾಗೆ ಸಿಕ್ಕ ಹೊಸ ಜೀವಿಗಳಲ್ಲಿ ಒಂದಕ್ಕೆ ಗುರು ಹೊಯ್ಲ್ ಅವರ ಹೆಸರನ್ನಿಡಲಾಗಿದೆ. ಕಥೆಯಲ್ಲಿ ಊಹಿಸಬಹುದಾದದ್ದನ್ನು ಸಾಧ್ಯವಾದಲ್ಲಿ ಅಳೆದೂ ನೋಡಬೇಕೆಂಬುದು ಅವರ ಸ್ವಭಾವ.

ಮತ್ತೆ ಪಾನಿಪತಕ್ಕೆ ಬರೋಣ. ಕಥೆಯನ್ನು ಮರಾಠಿಯಲ್ಲಿ ಓದಿ ಮುಗಿಸಿದ ಮೇಲೆ ನಮ್ಮ ಮನೆಯಲ್ಲಿ ಒಂದು ಪ್ರಶ್ನೆ ಎದ್ದಿತು. ಎತ್ತಿದವಳು ಮಗಳೇ. "ಅಲ್ಲಿ ಗುಂಡು ತಪ್ಪಿದ್ದರೆ ನಮ್ಮ ಮೈಸೂರು ಏನಾಗುತ್ತಿತ್ತು?" ಕಥೆ ಆ ದಿಕ್ಕಿಗೆ ತಿರುಗುವುದಿಲ್ಲ. ಆದರೆ ಪ್ರಶ್ನೆ ಅಪ್ರಸ್ತುತವಲ್ಲ. 1760ರಲ್ಲಿ ಖಂಡೇರಾಯನ ತಂತ್ರದಿಂದ ಹೈದರಾಲಿ ಶ್ರೀರಂಗಪಟ್ಟಣವನ್ನು ಬಿಟ್ಟು ಬೆಂಗಳೂರಿಗೆ ಓಡಿಹೋಗಬೇಕಾಯಿತು. ಖಂಡೇರಾಯನ ನೆರವಿಗೆ ಬಂದಿದ್ದ ಮರಾಠಾ ದಂಡು ಹೈದರನೊಡನೆ ಒಪ್ಪಂದ ಮಾಡಿಕೊಂಡು ಹಿಂದಿರುಗಿತು. ಉತ್ತರದಲ್ಲಿ ಪಾನಿಪತದ ಮೋಡ ಕವಿದಿದ್ದ ಕಾಲ ಅದು. 1761ರಲ್ಲಿ ಹೈದರ್ ಮೈಸೂರಿನ ಅಧಿಕಾರವನ್ನು ಪೂರ್ತಿಯಾಗಿ ಕೈಗೆ ತೆಗೆದುಕೊಂಡ. ಅದೇ ವರ್ಷ ಸಿರಾ, 1763ರಲ್ಲಿ ಬಿದನೂರು ಅವನ ವಶವಾದವು. ಪುಣೆ ತನ್ನ ಗಾಯವನ್ನು ನೆಕ್ಕಿಕೊಳ್ಳುತ್ತಿದ್ದ ಆ ಎರಡು ಮೂರು ವರ್ಷಗಳ ಬಿಡುವು ಅವನಿಗೆ ದೊರಕಿತ್ತು. 1764ರಲ್ಲಿ ತರುಣ ಪೇಶ್ವೆ ಮಾಧವರಾವ್ ದಕ್ಷಿಣಕ್ಕೆ ದಂಡೆತ್ತಿ ಬರುವ ಹೊತ್ತಿಗೆ ಮೈಸೂರು ಬೇರೆಯೇ ರಾಜ್ಯವಾಗಿತ್ತು.

ಹಾಗಾದರೆ ವಿಶ್ವಾಸರಾವ್ ಬದುಕಿದ್ದರೆ ಹೈದರ್ ಇರುತ್ತಿದ್ದನೆ? ಟಿಪ್ಪು ಇಲ್ಲದೆ, 1799ರ ಶ್ರೀರಂಗಪಟ್ಟಣ ಇಲ್ಲದೆ, ನಮ್ಮ ಲಾವಣಿಗಳು ಏನನ್ನು ಹಾಡುತ್ತಿದ್ದವು? ಮೈಸೂರಿನ ರಾಕೆಟ್ಟುಗಳನ್ನು ಇಂಗ್ಲೆಂಡಿನ ವುಲಿಚ್‌ಗೆ ಸಾಗಿಸಿ, ಅವುಗಳ ಆಧಾರದ ಮೇಲೆ ಕಾಂಗ್ರೀವ್ ತನ್ನ ರಾಕೆಟ್ಟನ್ನು ರೂಪಿಸಿದ್ದು ಇತಿಹಾಸ. ನಾರ್ಳೀಕರರ ಪೇಶ್ವೆಗಳು ಕಟ್ಟಿದ ತಾಂತ್ರಿಕ ಕೇಂದ್ರದಲ್ಲಿ ಆ ಮೈಸೂರಿನ ಕುಶಲಿಗಳಿಗೆ ಒಂದು ಕೋಣೆ ಸಿಗುತ್ತಿತ್ತೆ? ಉತ್ತರಗಳು ನಮಗೆ ಬೇಕಾಗಿಲ್ಲ. ಒಬ್ಬರ 'ಪಾನಿಪತ್' ಇನ್ನೊಬ್ಬರ ಉದಯಕಾಲವಾಗಿತ್ತು ಎಂಬ ಅರಿವೇ ಸಾಕು. ಕಾಕೂಗೆ ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಪುಸ್ತಕಗಳಲ್ಲಿ ಹೈದರ್ ಯಾವಾಗಲೂ ನಾಲ್ಕನೆಯ ಅಧ್ಯಾಯದಲ್ಲಿ ಬರುತ್ತಾನೆ" ಎಂದರು. ನಮ್ಮ ಪುಸ್ತಕಗಳಲ್ಲಿ ಪಾನಿಪತ ಒಂದು ವಾಕ್ಯದಲ್ಲಿ ಮುಗಿಯುತ್ತದೆ ಎಂದು ನಾವೂ ಒಪ್ಪಿಕೊಂಡೆವು.

ನಡೆಯದ ಇತಿಹಾಸವನ್ನು ಊಹಿಸುವುದು ಸುಲಭವಾಗಿ ಸೇಡಿನ ಹಗಲುಗನಸಾಗಬಲ್ಲದು. 'ಅಂದು ಹಾಗಾಗಿದ್ದರೆ ಇಂದು ನಾವೇ ದೊರೆಗಳು' ಎನ್ನುವ ಮಾತು ಎಲ್ಲ ಭಾಷೆಗಳಲ್ಲಿಯೂ ಕೇಳಿಬರುತ್ತಿದೆ. ನಾರ್ಳೀಕರರ ಕಥೆ ಆ ಹಾದಿ ಹಿಡಿಯದಿರುವುದಕ್ಕೆ ಕಾರಣ ಆ ಎಳ್ಳುಕಾಳು. ಗೆಲುವೂ ಸೋಲೂ ಅಷ್ಟು ಸಣ್ಣ ಅಂತರದ ಮೇಲೆ ನಿಂತಿದ್ದರೆ, ಗೆದ್ದವರ ಗರ್ವಕ್ಕೂ ಸೋತವರ ಕೀಳರಿಮೆಗೂ ಗಟ್ಟಿ ನೆಲವಿಲ್ಲ. ಇಂದಿನ ಪಂಚಾಂಗದಂತೆ ಜನವರಿ 14ರ ಸುಮಾರಿಗೆ ಬರುವ ಸಂಕ್ರಾಂತಿಯಂದು ಪುಣೆಯಲ್ಲಿ ತಿಳಗೂಳ ಕೊಟ್ಟು ಸಿಹಿಯಾಗಿ ಮಾತಾಡು ಎನ್ನುತ್ತಾರೆ, ನಾವು ಎಳ್ಳು ಬೀರಿ ಒಳ್ಳೆಯ ಮಾತಾಡು ಎನ್ನುತ್ತೇವೆ. ಕಥೆ ಓದಿದ ಮೇಲೆ ಕಾಕೂ ಮನೆಯಿಂದ ಬಂದ ಎಳ್ಳಿನ ಉಂಡೆಯನ್ನು ನಾವು ಮೊದಲಿನಂತೆ ನೋಡಲಾರೆವು.

ವಿಜ್ಞಾನಿಯೊಬ್ಬ ತನ್ನ ನುಡಿಯಲ್ಲಿ ಸಾಹಿತಿಯಾಗುವುದು ಕನ್ನಡಕ್ಕೆ ಹೊಸದಲ್ಲ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತ ಬಿ.ಜಿ.ಎಲ್. ಸ್ವಾಮಿಯವರು ಬರೆದ 'ಹಸುರು ಹೊನ್ನು' ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರೂ ಹೊರನಾಡಿನಲ್ಲಿದ್ದು ಬರೆದವರೇ. ರಾಜಶೇಖರ ಭೂಸನೂರಮಠರು ಕನ್ನಡದಲ್ಲಿ ವಿಜ್ಞಾನ ಕಥೆಗಳ ಬೆಳೆ ತೆಗೆದರು. ಆದರೆ ಇಂದು ನಮ್ಮ ಮಕ್ಕಳು ನೆರೆಯ ಭಾಷೆಯ ಕಥೆಯನ್ನಾಗಲಿ ತಮ್ಮದೇ ಭಾಷೆಯ ಕಥೆಯನ್ನಾಗಲಿ ಇಂಗ್ಲಿಷಿನ ಕಿಟಕಿಯಿಂದಲೇ ನೋಡುವುದು ಹೆಚ್ಚು. ಅದು ತಪ್ಪೆಂದು ಗದರುವ ಹಕ್ಕು ನಮಗಿಲ್ಲ. ನಾವೇ ಹಾಗೆ ನೋಡಿದವರು. ಬನಾರಸಿನ ಮನೆಯೊಂದರಲ್ಲಿ ಉಳಿಸಿಕೊಂಡ ಮಾತು ಮೂವತ್ತು ವರ್ಷಗಳ ಮೇಲೆ ಕಥೆಯಾಗಿ ಫಲಿಸಿತು ಎಂಬುದನ್ನಷ್ಟೇ ಮಕ್ಕಳಿಗೆ ಹೇಳಬಹುದು. ಹಸ್ತಾಕ್ಷರ ಕೇಳಿದ ಮಕ್ಕಳಿಗೆ ನಾರ್ಳೀಕರರು ಹೇಳುತ್ತಿದ್ದ ಮಾತೂ ಪ್ರಸಿದ್ಧ: ಒಂದು ಕಾರ್ಡಿನಲ್ಲಿ ಪ್ರಶ್ನೆ ಬರೆದು ಕಳಿಸು, ಉತ್ತರದ ಕೆಳಗೆ ಸಹಿ ಇರುತ್ತದೆ. ಇಲ್ಲಿಯೂ ಅವರು ತಮ್ಮ ಹೆಸರನ್ನು ಹಿಂದೆ ಸರಿಸಿ ಪ್ರಶ್ನೆಯನ್ನು ಮುಂದಿಟ್ಟರು.

ಗಂಗಾಧರಪಂತರ ಕಥೆಯ ಒಂದು ಪ್ರಸಂಗವನ್ನು ಕಡೆಗೆಂದೇ ಉಳಿಸಿಕೊಂಡಿದ್ದೆವು. ಗ್ರಂಥಾಲಯ ಮುಚ್ಚಿದ ಮೇಲೆ ಪ್ರಾಧ್ಯಾಪಕರು ಆಜಾದ್ ಮೈದಾನಕ್ಕೆ ಬರುತ್ತಾರೆ. ಅಲ್ಲಿ ಉಪನ್ಯಾಸ ನಡೆದಿದೆ, ವೇದಿಕೆಯ ಮೇಲೆ ಅಧ್ಯಕ್ಷರ ಕುರ್ಚಿ ಖಾಲಿಯಿದೆ. ನಮ್ಮ ಲೋಕದಲ್ಲಿ 999 ಸಭೆಗಳ ಅಧ್ಯಕ್ಷತೆ ವಹಿಸಿದ ಅವರಿಗೆ ಅದನ್ನು ನೋಡಿ ಸಹಿಸಲಾಗುವುದಿಲ್ಲ. ಹೋಗಿ ಕೂತು ಮಾತಿಗೆ ತೊಡಗುತ್ತಾರೆ. ಆ ಲೋಕದ ಜನ ಅಧ್ಯಕ್ಷ ಭಾಷಣಗಳ ಪದ್ಧತಿಯನ್ನೇ ಎಂದೋ ಕೈಬಿಟ್ಟಿದ್ದಾರೆ. ಟೊಮ್ಯಾಟೊ, ಮೊಟ್ಟೆಗಳ ಸುರಿಮಳೆಯಾಗುತ್ತದೆ. ಜನ ವೇದಿಕೆಗೆ ನುಗ್ಗುವಷ್ಟರಲ್ಲಿ ಅವರು ಅಲ್ಲಿಂದ ಮಾಯವಾಗುತ್ತಾರೆ. ಯುದ್ಧದಲ್ಲಿ ಮರಾಠರು ಗೆದ್ದ ಲೋಕದಲ್ಲಿ 'ಪಾನಿಪತ್' ಆದದ್ದು ಕುರ್ಚಿಯ ಮೋಹಕ್ಕೆ.

2021ರ ಡಿಸೆಂಬರಿನಲ್ಲಿ ನಾಸಿಕದಲ್ಲಿ 94ನೆಯ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನ ನಡೆಯಿತು. ಅಧ್ಯಕ್ಷರು ಜಯಂತ ನಾರ್ಳೀಕರ. 1974ರಲ್ಲಿ ಹೆಸರು ಮರೆಸಿಕೊಂಡು ಕಥೆ ಕಳಿಸಿದವರಿಗೆ, 47 ವರ್ಷಗಳ ಮೇಲೆ ಆ ಭಾಷೆ ತನ್ನ ಅತಿ ದೊಡ್ಡ ಗೌರವವನ್ನು ಅವರ ಹೆಸರಿನಲ್ಲಿಯೇ ಕೊಟ್ಟಿತು. ಆದರೆ ಅನಾರೋಗ್ಯದಿಂದಾಗಿ ಅವರು ಅಲ್ಲಿಗೆ ಹೋಗಲಾಗಲಿಲ್ಲ. ಅಧ್ಯಕ್ಷರಿಲ್ಲದೆಯೇ ಸಮ್ಮೇಳನ ನಡೆಯಿತು. ಆ ಸುದ್ದಿಯನ್ನು ಅಂದು ಪತ್ರಿಕೆಯಲ್ಲಿ ಓದಿ ಮಗುಚಿ ಹಾಕಿದ್ದ ನಮಗೆ, ಮರಾಠಿಯಲ್ಲಿ ಆಜಾದ್ ಮೈದಾನದ ಪುಟ ತಿರುವಿದ ದಿನ ಆ ಖಾಲಿ ಕುರ್ಚಿ ಮತ್ತೆ ಕಣ್ಣ ಮುಂದೆ ಬಂತು. ಕಾಕೂಗೆ ಹೇಳಿದೆವು. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಅವರು ಬರೆದದ್ದು ಇದೆಯಲ್ಲ, ಕೂತು ಓದೋಣ" ಎಂದರು.